ವಕಾಲತ್ತು ವಹಿಸದ ಕಲಾವಿದೆ: ಇಸಾಬೆಲ್ ಯುಪ್ಪೇರ್ ಅವರ ಚಿತ್ರಗಳು



ಸಿನಿಮಾ ನಟನೆಯ ಬಗ್ಗೆ ಮಾತಾಡಬೇಕು ಎಂದು ಸಂಘಟಕರು ಕೇಳಿದಾಗ, ಒಬ್ಬರೇ ಕಲಾವಿದೆಯನ್ನು ಹಿಡಿದು ಮಾತಾಡಲು ಬಿಡಿ ಎಂದು ವಿನಂತಿಸಿಕೊಂಡೆ. ನಟನೆಯ ಕುರಿತು ಸಾರಾಸಗಟಾಗಿ ಮಾತಾಡಲು ಹೊರಟರೆ ಸಹಜ, ಮನೋಜ್ಞ, ಪರಕಾಯ ಪ್ರವೇಶ ಎಂಬ ಮೂರು ವಿಶೇಷಣಗಳಲ್ಲಿ ಮಾತು ಮುಗಿದುಹೋಗುತ್ತದೆ. ಒಂದು ಮುಖವನ್ನು, ಒಂದು ನಡಿಗೆಯನ್ನು ಹತ್ತಾರು ಚಿತ್ರಗಳ ಉದ್ದಕ್ಕೂ ಹಿಂಬಾಲಿಸಿದಾಗ ಮಾತ್ರ ನಟಿ ಏನು ಮಾಡುತ್ತಿದ್ದಾಳೆ ಎಂಬುದು ಕಣ್ಣಿಗೆ ಬೀಳತೊಡಗುತ್ತದೆ. ಇವತ್ತು ನಾನು ಆರಿಸಿಕೊಂಡಿರುವುದು ಫ್ರಾನ್ಸಿನ ಇಸಾಬೆಲ್ ಯುಪ್ಪೇರ್ ಅವರನ್ನು. 1953ರ ಮಾರ್ಚ್ 16ರಂದು ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವರು 1970ರ ದಶಕದ ಆರಂಭದಿಂದ ಇಂದಿನವರೆಗೆ ಬಿಡುವಿಲ್ಲದೆ ನಟಿಸುತ್ತಲೇ ಇದ್ದಾರೆ. ಚಿತ್ರಗಳ ಸಂಖ್ಯೆ ನೂರು ದಾಟಿದೆ. ಕಾನ್ ಚಿತ್ರೋತ್ಸವದಲ್ಲಿ ಎರಡು ಸಲ, ವೆನಿಸ್‌ನಲ್ಲಿ ಎರಡು ಸಲ ಶ್ರೇಷ್ಠ ನಟಿ ಎನಿಸಿಕೊಂಡವರು. ನಮ್ಮ ನೆರೆಯ ಗೋವಾದಲ್ಲಿ 2019ರಲ್ಲಿ ನಡೆದ ಭಾರತದ 50ನೇ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಕೂಡ ವಿದೇಶಿ ಕಲಾವಿದರಿಗೆ ಕೊಡುವ ಜೀವಮಾನ ಸಾಧನೆ ಪ್ರಶಸ್ತಿಯನ್ನು ಅವರಿಗೆ ನೀಡಿತು. ಪ್ರಶಸ್ತಿಗಳ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಮುಂದೆ ಅಗತ್ಯ ಬಿದ್ದಲ್ಲಿ ಮಾತ್ರ ಹೇಳುತ್ತೇನೆ.

ನನ್ನ ವಾದ ಇಷ್ಟು. ಸಾಮಾನ್ಯವಾಗಿ ಒಳ್ಳೆಯ ನಟ ನಟಿಯರು ತಮ್ಮ ಪಾತ್ರದ ಪರ ವಕೀಲರಾಗಿಬಿಡುತ್ತಾರೆ. ಪಾತ್ರ ಕಳ್ಳನದಾಗಿರಲಿ, ಕೊಲೆಗಾರನದಾಗಿರಲಿ, ಎಲ್ಲೋ ಒಂದು ಕಡೆ ಕಣ್ಣು ತೇವ ಮಾಡಿಕೊಂಡು, ದನಿ ನಡುಗಿಸಿ, ಪ್ರೇಕ್ಷಕರೆಂಬ ನ್ಯಾಯಾಧೀಶರ ಮುಂದೆ ಇವನಿಗೂ ಒಂದು ಹೃದಯವಿತ್ತು ಎಂದು ಅರ್ಜಿ ಸಲ್ಲಿಸುತ್ತಾರೆ. ಯುಪ್ಪೇರ್ ಆ ಅರ್ಜಿಯನ್ನು ಸಲ್ಲಿಸುವುದಿಲ್ಲ. ಪೆದ್ದಿಯಾಗಲಿ, ಪಾತಕಿಯಾಗಲಿ, ಪರಿತ್ಯಕ್ತೆಯಾಗಲಿ, ಅವರ ಹೆಂಗಸರು ನಮ್ಮ ಕನಿಕರಕ್ಕೆ ಕೈಯೊಡ್ಡುವುದಿಲ್ಲ. ಹಾಗೆಂದು ಅವರನ್ನು ತಣ್ಣನೆಯ ನಟಿ ಎಂದು ತಳ್ಳಿಹಾಕಿದವರಿದ್ದಾರೆ. ಇದು ತಣ್ಣಗಿರುವಿಕೆ ಅಲ್ಲವೇ ಅಲ್ಲ, ಪಾತ್ರದ ಮೇಲಿನ ಅತಿ ದೊಡ್ಡ ಗೌರವ ಎಂದು ನಾನು ನಂಬಿದ್ದೇನೆ. ಅದನ್ನು ಕೆಲವು ಚಿತ್ರಗಳ ಮೂಲಕ ನಿಮಗೆ ತೋರಿಸಬೇಕು.

1977ರ ‘ಲಾ ದಾಂತೆಲಿಯೇರ್’ ಚಿತ್ರದಿಂದಲೇ ತೊಡಗುತ್ತೇನೆ. ಇಂಗ್ಲಿಷಿನಲ್ಲಿ ಇದು ‘ದಿ ಲೇಸ್‌ಮೇಕರ್’ ಎಂದು ಪರಿಚಿತ. ಸ್ವಿಸ್ ನಿರ್ದೇಶಕ ಕ್ಲೋದ್ ಗೊರೆತ್ತಾ, ಪಾಸ್ಕಾಲ್ ಲೆನೆಯ ಕಾದಂಬರಿಯನ್ನು ಆಧರಿಸಿ ಮಾಡಿದ ಚಿತ್ರ. ಆ ಕಾದಂಬರಿಗೆ 1974ರ ಗೊಂಕೂರ್ ಪ್ರಶಸ್ತಿ ಬಂದಿತ್ತು. ಪ್ಯಾರಿಸ್ಸಿನ ಬ್ಯೂಟಿ ಪಾರ್ಲರ್ ಒಂದರಲ್ಲಿ ಗಿರಾಕಿಗಳ ಕೂದಲು ತೊಳೆಯುತ್ತ, ನೆಲದ ಮೇಲೆ ಬಿದ್ದ ಕೂದಲು ಗುಡಿಸುತ್ತ ಕೆಲಸ ಕಲಿಯುತ್ತಿರುವ ಹುಡುಗಿ ಬಿಯಾತ್ರಿಸ್. ದುಂಡು ಕೆನ್ನೆಯ ಅವಳನ್ನು ಎಲ್ಲರೂ ಕರೆಯುವುದು ಪೊಮ್, ಅಂದರೆ ಸೇಬು, ಎಂದು. ಗೆಳತಿಯ ಜೊತೆ ನಾರ್ಮಂಡಿಯ ಕಬೂರ್ ಎಂಬ ಕಡಲೂರಿಗೆ ರಜೆಗೆ ಹೋದಾಗ ಫ್ರಾನ್ಸ್ವಾ ಎಂಬ ಸಾಹಿತ್ಯದ ವಿದ್ಯಾರ್ಥಿ ಸಿಗುತ್ತಾನೆ. ಒಳ್ಳೆಯ ಹುಡುಗ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಖಳನಿಲ್ಲ. ಕಡಲ ತೀರದ ಬಿಳಿ ಬಂಡೆಗಳ ನೆತ್ತಿಯ ಮೇಲೆ ಇಬ್ಬರೂ ಒಂದು ಆಟ ಆಡುತ್ತಾರೆ. ಅವಳು ಕಣ್ಣು ಮುಚ್ಚಿಕೊಂಡು ನಡೆಯಬೇಕು, ಅವನು ದನಿಯಿಂದಲೇ ದಾರಿ ಹೇಳಬೇಕು. ಪ್ರಪಾತದ ಅಂಚಿನ ಕಡೆಗೆ ಅವಳು ಅಂಜದೆ ಹೆಜ್ಜೆ ಇಡುತ್ತ ಹೋಗುತ್ತಾಳೆ. ಮುಂದೆ ಆಗುವುದೆಲ್ಲ ಆ ನಡಿಗೆಯಲ್ಲೇ ಇದೆ.

ಪ್ಯಾರಿಸ್ಸಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಸಂಸಾರ ಹೂಡುತ್ತಾರೆ. ಅವನ ಗೆಳೆಯರು ಬಂದು ದೊಡ್ಡ ದೊಡ್ಡ ಮಾತಾಡುತ್ತಾರೆ. ಅವಳಿಗೆ ಅರ್ಥವಾಗುವುದಿಲ್ಲ. ಆಮೇಲೆ ಅವನನ್ನು ಕೇಳುತ್ತಾಳೆ, ಆ ಡಯಲೆಕ್ಟಿಕ್ಸ್ ಅಂದರೆ ಏನು ಎಂದು. ಇವಳು ಏನಾದರೂ ಓದಲಿ, ಬೆಳೆಯಲಿ ಎಂದು ಅವನಿಗೆ ಆಸೆ. ಅವಳಿಗೋ ಇರುವುದರಲ್ಲೇ ತೃಪ್ತಿ: ಅವನಿಗೆ ಅಡುಗೆ ಮಾಡುವುದು, ಕೋಣೆ ಓರಣವಾಗಿಡುವುದು, ಸಂಜೆ ಅವನು ಬರುವುದು. ಒಂದು ದಿನ ಅವನು ಬಿಟ್ಟುಬಿಡುತ್ತಾನೆ. ಅವಳು ಜಗಳ ತೆಗೆಯುವುದಿಲ್ಲ, ಅಳುವುದಿಲ್ಲ, ಸರಿ ಎನ್ನುತ್ತಾಳೆ. ಆ ‘ಸರಿ’ಯೇ ಅವಳನ್ನು ಒಳಗಿನಿಂದ ತಿನ್ನುತ್ತದೆ. ಕೊನೆಗೆ ಅವಳು ಮಾನಸಿಕ ಆಸ್ಪತ್ರೆಯಲ್ಲಿದ್ದಾಳೆ. ನೋಡಲು ಬಂದ ಫ್ರಾನ್ಸ್ವಾನಿಗೆ, ತಾನು ಗ್ರೀಸ್ ದೇಶಕ್ಕೆ ಹೋಗಿ ಬಂದೆ ಎಂದು ಶಾಂತವಾಗಿ ಹೇಳುತ್ತಾಳೆ. ಅವನು ಹೋದ ಮೇಲೆ, ಗ್ರೀಸ್‌ನ ಪೋಸ್ಟರುಗಳು ಅಂಟಿಸಿದ ಕೋಣೆಯಲ್ಲಿ ಹೆಣಿಗೆ ಹಾಕುತ್ತ ಕುಳಿತವಳು ಮುಖ ತಿರುಗಿಸಿ ನೇರ ಕ್ಯಾಮೆರಾದ ಕಡೆಗೆ, ಎಂದರೆ ನಮ್ಮ ಕಡೆಗೆ, ನೋಡುತ್ತಾಳೆ. ಆ ನೋಟದಲ್ಲಿ ದೂರಿಲ್ಲ. ನೀನು ನನ್ನನ್ನು ಗಮನಿಸಿದೆಯಾ ಎಂಬ ಪ್ರಶ್ನೆಯೂ ಇಲ್ಲ. ಸುಮ್ಮನೆ ನೋಡುತ್ತಾಳೆ, ಚಿತ್ರ ಮುಗಿಯುತ್ತದೆ. ಆಗ ಯುಪ್ಪೇರ್ ಅವರಿಗೆ ಇಪ್ಪತ್ತನಾಲ್ಕು ವರ್ಷ.

ಇಲ್ಲಿ ಒಂದು ಹೋಲಿಕೆ ಮನಸ್ಸಿಗೆ ಬಾರದೇ ಇರದು. ಪುಟ್ಟಣ್ಣ ಕಣಗಾಲರ ‘ಶರಪಂಜರ’ದ ಕಾವೇರಿ ಕೂಡ ಕೊನೆಗೆ ಹೋಗುವುದು ಮಾನಸಿಕ ಆಸ್ಪತ್ರೆಗೇ. ಕಲ್ಪನಾ ಅವರ ಕಾವೇರಿ ಲೋಕವನ್ನೇ ಕಟಕಟೆಗೆ ತಂದು ನಿಲ್ಲಿಸುತ್ತಾಳೆ, ಅವಳ ಒಂದೊಂದು ಮಾತೂ ಆರೋಪಪಟ್ಟಿ. ಅದು ಒಂದು ದೊಡ್ಡ ಪರಂಪರೆಯ ನಟನೆ. ಅದರಲ್ಲಿ ಬೆಳೆದವರಿಗೆ ಪೊಮ್ ಮೊದಲ ನೋಟಕ್ಕೆ ಏನೂ ಮಾಡದೆ ಕುಳಿತ ಹಾಗೆ ಕಾಣಬಹುದು. ಎರಡನೆಯ ಸಲ ನೋಡಿ. ಬೆರಳುಗಳನ್ನು ನೋಡಿ, ಊಟದ ಮೇಜಿನ ಮುಂದೆ ಅವನ ತಾಯಿತಂದೆಯರ ಎದುರು ಅವಳು ಕುಳಿತಿರುವ ಬಗೆಯನ್ನು ನೋಡಿ. ಮಾತು ಬಾರದವಳ ಪರವಾಗಿ ಮಾತಾಡಿಬಿಟ್ಟರೆ ಅವಳ ಮೌನವನ್ನೂ ಕಿತ್ತುಕೊಂಡಂತೆ ಎಂದು ಈ ನಟಿಗೆ ಗೊತ್ತಿತ್ತು.

ಮುಂದಿನ ವರ್ಷವೇ ನಿರ್ದೇಶಕ ಕ್ಲೋದ್ ಶಾಬ್ರೋಲ್ ಅವರ ಜೊತೆಗಿನ ಸಹಯಾನ ಶುರುವಾಯಿತು. ಇಬ್ಬರೂ ಸೇರಿ ಏಳು ಚಿತ್ರ ಮಾಡಿದರು. ಮೊದಲನೆಯದು ‘ವಿಯೊಲೆತ್ ನೊಜಿಯೇರ್’, 1933ರಲ್ಲಿ ಪ್ಯಾರಿಸ್ಸಿನಲ್ಲಿ ಹೆತ್ತವರಿಗೇ ವಿಷ ಹಾಕಿದ ಹದಿನೆಂಟರ ಹುಡುಗಿಯ ನಿಜಕಥೆ. ತಂದೆ ಸತ್ತ, ತಾಯಿ ಬದುಕಿಕೊಂಡಳು. ವಿಯೊಲೆತ್‌ಗೆ ಮರಣದಂಡನೆ ವಿಧಿಸಿ ಆಮೇಲೆ ಇಳಿಸಲಾಯಿತು. ಈ ಪಾತ್ರಕ್ಕೆ 1978ರಲ್ಲಿ ಕಾನ್ ಪ್ರಶಸ್ತಿ ಬಂತು. ಪೊಮ್ ಪಾತ್ರ ಮಾಡಿದ ಮರುವರ್ಷವೇ ಇಂಥ ವಿಷಕನ್ಯೆಯ ಪಾತ್ರ! ಆದರೆ ಈ ಜೋಡಿಯ ಮೇರುಕೃತಿ ಹತ್ತು ವರ್ಷಗಳ ನಂತರ ಬಂದ ‘ಯೂನ್ ಅಫೇರ್ ದ ಫಾಮ್’, ‘ಹೆಂಗಸರ ವ್ಯವಹಾರ’.

ಇದರ ಹಿಂದೆಯೂ ಒಂದು ನಿಜ ಜೀವ ಇದೆ. ಶೆರ್ಬೂರ್ ಎಂಬ ಬಂದರು ಊರಿನ ಮರಿ-ಲೂಯಿಸ್ ಜಿರೊ ಎಂಬಾಕೆ ಗರ್ಭಪಾತ ಮಾಡಿಸುತ್ತಿದ್ದಳು ಎಂಬ ಅಪರಾಧಕ್ಕೆ 1943ರ ಜುಲೈ 30ರಂದು ಗಿಲೊಟಿನ್‌ಗೆ ತಲೆಕೊಟ್ಟಳು. ಫ್ರಾನ್ಸ್ ಜರ್ಮನರ ವಶದಲ್ಲಿದ್ದ ಕಾಲ. ಜರ್ಮನರೊಡನೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ 1942ರಲ್ಲಿ ಗರ್ಭಪಾತವನ್ನು ರಾಷ್ಟ್ರದ ವಿರುದ್ಧದ ಅಪರಾಧ ಎಂದು ಕಾನೂನು ಮಾಡಿತ್ತು. ಅದೇ ಸರ್ಕಾರ ಯೆಹೂದ್ಯರನ್ನು ಹಿಡಿದು ರೈಲು ಹತ್ತಿಸುತ್ತಿತ್ತು. ಜೀವದ ಪಾವಿತ್ರ್ಯದ ಹೆಸರಿನಲ್ಲಿ ಒಬ್ಬ ಅಗಸಗಿತ್ತಿಯ ತಲೆ ಕಡಿದ ನ್ಯಾಯ ಇದು. ಇಂಥ ವಸ್ತು ಸಿಕ್ಕಿದರೆ ಹೆಚ್ಚಿನವರು ಒಬ್ಬ ಹುತಾತ್ಮೆಯನ್ನು ಕಡೆದು ನಿಲ್ಲಿಸುತ್ತಿದ್ದರು. ಶಾಬ್ರೋಲ್ ಮತ್ತು ಯುಪ್ಪೇರ್ ಕಟ್ಟಿದ ಮರಿ ಲತೂರ್ ಹಾಗಿಲ್ಲ. ಮೊದಲ ಸಲ ನೆರೆಯವಳಿಗೆ ಸಾಬೂನು ನೀರಿನಿಂದ ಸಹಾಯ ಮಾಡಿದ್ದಕ್ಕೆ ಉಡುಗೊರೆಯಾಗಿ ಗ್ರಾಮೊಫೋನ್ ಸಿಗುತ್ತದೆ. ಅವಳ ಮುಖ ಅರಳುತ್ತದೆ. ಆಮೇಲೆ ಹಣ ಬರತೊಡಗುತ್ತದೆ, ಊಟದ ಮೇಜಿಗೆ ಜಾಮ್ ಬರುತ್ತದೆ, ದೊಡ್ಡ ಮನೆ ಬರುತ್ತದೆ, ಕೋಣೆಯನ್ನು ಸೂಳೆಯೊಬ್ಬಳಿಗೆ ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾಳೆ. ಯುದ್ಧದಿಂದ ಮರಳಿದ ಗಂಡನನ್ನು ಹತ್ತಿರಕ್ಕೆ ಸೇರಿಸುವುದಿಲ್ಲ. ಜರ್ಮನರಿಗೆ ಬೇಹು ಮಾಡುವವನೊಬ್ಬನ ಸಹವಾಸ ಬೆಳೆಸುತ್ತಾಳೆ. ಇವಳಿಗೆ ಇರುವ ಕನಸು ಗಾಯಕಿಯಾಗುವುದು, ಅಷ್ಟೇ. ಯೆಹೂದಿ ಗೆಳತಿಯನ್ನು ಹಿಡಿದುಕೊಂಡು ಹೋದ ಸುದ್ದಿ ಬಂದಾಗ ಅವಳಿಗೆ ಅದು ಏನೆಂದು ಬಗೆಹರಿಯುವುದೇ ಇಲ್ಲ.

ಅವಳ ಕೈಯಲ್ಲಿ ಒಬ್ಬಳು ಸಾಯುತ್ತಾಳೆ. ಸತ್ತವಳ ಸಂಬಂಧಿಕಳು ತಾಯಿ ಕಳೆದುಕೊಂಡ ಮಕ್ಕಳನ್ನು ಕರೆತಂದು ಮರಿಯ ಅಡುಗೆಮನೆಯಲ್ಲಿ ನಿಲ್ಲುತ್ತಾಳೆ. ಆಗಿನ ಯುಪ್ಪೇರ್ ಮುಖವನ್ನು ಮರೆಯಲು ಸಾಧ್ಯವಿಲ್ಲ. ಅಪರಾಧ ಪ್ರಜ್ಞೆ ಒಳಗೆ ಬರಲು ಬಾಗಿಲು ಹುಡುಕುತ್ತಿದೆ, ಅವಳಿಗೆ ಬಾಗಿಲು ಎಲ್ಲಿದೆ ಎಂದೇ ಗೊತ್ತಿಲ್ಲ. ಕೊನೆಗೆ ಗಂಡನೇ ಪೊಲೀಸರಿಗೆ ಪತ್ರ ಬರೆದು ಹಿಡಿದುಕೊಡುತ್ತಾನೆ. ಜೈಲಿನಲ್ಲಿ ಅವಳು ಮಾತೆ ಮೇರಿಗೆ ಸಲ್ಲಿಸುವ, ಪ್ರಾರ್ಥನೆಯೇ ಬೈಗುಳವಾದ ಆ ಮಾತಿಗೆ ಚಿತ್ರ ಬಿಡುಗಡೆಯಾದಾಗ ಕ್ಯಾಥೊಲಿಕ್ ವಲಯಗಳಲ್ಲಿ ದೊಡ್ಡ ಗದ್ದಲ ಎದ್ದಿತು. ನಮಗೆ ಮರಿ ಇಷ್ಟವಾಗಬೇಕಿಲ್ಲ. ಇಷ್ಟವಾಗದವಳ ತಲೆಯನ್ನೂ ಕಡಿಯುವ ಹಕ್ಕು ಯಾರಿಗೂ ಇಲ್ಲ ಎಂಬಲ್ಲಿಗೆ ಚಿತ್ರ ನಮ್ಮನ್ನು ತಂದು ನಿಲ್ಲಿಸುತ್ತದೆ. ಅವಳನ್ನು ದೇವತೆ ಮಾಡಿದ್ದರೆ ಆ ಮಾತಿನ ತೂಕ ಅರ್ಧವಾಗುತ್ತಿತ್ತು. ಫ್ರಾನ್ಸಿನಲ್ಲಿ ಗರ್ಭಪಾತ ಕಾನೂನುಬದ್ಧವಾದದ್ದು 1975ರಲ್ಲಿ, ಮರಣದಂಡನೆ ರದ್ದಾದದ್ದು 1981ರಲ್ಲಿ. ಚಿತ್ರ ಬಂದ 1988ರಲ್ಲಿ ಎರಡೂ ಹಸಿ ನೆನಪುಗಳೇ.

1995ರ ‘ಲಾ ಸೆರೆಮೊನಿ’ ಬಗ್ಗೆ ಗಂಟೆಗಟ್ಟಲೆ ಮಾತಾಡಬಹುದು, ಇಲ್ಲಿ ಸ್ವಲ್ಪ ಹೇಳುತ್ತೇನೆ. ರೂತ್ ರೆಂಡೆಲ್ ಅವರ ಇಂಗ್ಲಿಷ್ ಕಾದಂಬರಿಯನ್ನು ಶಾಬ್ರೋಲ್ ಬ್ರಿಟನಿ ಪ್ರಾಂತ್ಯಕ್ಕೆ ತಂದರು. ಶ್ರೀಮಂತರ ಮನೆಗೆ ಕೆಲಸಕ್ಕೆ ಬಂದ ಸೊಫಿಗೆ ಓದು ಬಾರದು, ಅದನ್ನು ಪ್ರಾಣ ಹೋದರೂ ಯಾರಿಗೂ ತೋರಗೊಡುವುದಿಲ್ಲ. ಸಾಂದ್ರಿನ್ ಬೊನೇರ್ ಅದ್ಭುತವಾಗಿ ಮಾಡಿದ್ದಾರೆ. ಊರಿನ ಅಂಚೆ ಕಚೇರಿಯ ಜಾನ್ ಪಾತ್ರದಲ್ಲಿ ಯುಪ್ಪೇರ್: ಎರಡು ಜಡೆ, ಬಾಯಿಬಡುಕಿ, ಊರವರ ಕಾಗದ ಒಡೆದು ಓದುವ ಚಾಳಿ. ಇಷ್ಟು ಹೊತ್ತು ಮೌನದ ನಟಿ ಎಂದು ಹೇಳುತ್ತ ಬಂದವನಿಗೆ ಈ ವಾಚಾಳಿ ಜಾನ್ ಉತ್ತರ ಕೊಟ್ಟುಬಿಡುತ್ತಾಳೆ. ಎಷ್ಟು ಮಾತಾಡಿದರೂ ಅವಳ ಒಳಗು ನಮಗೆ ಸಿಕ್ಕುವುದಿಲ್ಲ. ಮನೆಯವರು ಟಿವಿ ಮುಂದೆ ಕುಳಿತು ಮೊಜಾರ್ಟ್‌ನ ‘ಡಾನ್ ಜೊವಾನಿ’ ನೋಡುತ್ತಿರುವಾಗ ಇಬ್ಬರೂ ಬೇಟೆ ಬಂದೂಕು ಎತ್ತಿಕೊಳ್ಳುತ್ತಾರೆ. ಮಕ್ಕಳು ಆಟದ ಸಾಮಾನು ಎತ್ತಿಕೊಂಡಷ್ಟು ಹಗುರವಾಗಿ. ಇದು ಕೊನೆಯ ಮಾರ್ಕ್ಸ್‌ವಾದಿ ಚಿತ್ರ ಎಂದು ಶಾಬ್ರೋಲ್ ಹೇಳಿಕೊಂಡಿದ್ದರು. ವೆನಿಸ್‌ನಲ್ಲಿ ಇಬ್ಬರು ನಟಿಯರಿಗೂ ಒಂದೇ ಪ್ರಶಸ್ತಿ ಹಂಚಿ ಕೊಟ್ಟದ್ದು ಸರಿಯಾದ ತೀರ್ಪು, ಒಬ್ಬಳಿಲ್ಲದೆ ಇನ್ನೊಬ್ಬಳಿಲ್ಲ.

ಈಗ ‘ಲಾ ಪಿಯಾನಿಸ್ತ್’. ಆಸ್ಟ್ರಿಯಾದ ಮಿಖಾಯೆಲ್ ಹಾನೆಕೆ 2001ರಲ್ಲಿ ಮಾಡಿದ ಈ ಚಿತ್ರದ ಮೂಲ ಎಲ್ಫ್ರೀಡ ಯೆಲಿನೆಕ್ ಅವರ ಕಾದಂಬರಿ. ಯೆಲಿನೆಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಮುಂಚೆ ಹಾನೆಕೆ ‘ಫನಿ ಗೇಮ್ಸ್’ ಚಿತ್ರಕ್ಕೆ ಕರೆದಾಗ ಯುಪ್ಪೇರ್ ಒಪ್ಪಿರಲಿಲ್ಲ. ಈ ಸಲ ಒಪ್ಪಿದರು. ನೋಡುವುದು ಕಷ್ಟದ ಚಿತ್ರ, ಎಲ್ಲರಿಗೂ ಹೇಳಿ ಮಾಡಿಸಿದ್ದಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವಂತೂ ಅಲ್ಲ. ಎರಿಕಾ ಕೊಹುಟ್ ವಿಯೆನ್ನಾದ ಸಂಗೀತ ಶಾಲೆಯಲ್ಲಿ ಪಿಯಾನೊ ಪ್ರಾಧ್ಯಾಪಕಿ, ಶೂಬರ್ಟ್ ಸಂಗೀತದಲ್ಲಿ ಪಾರಂಗತೆ, ನಡುವಯಸ್ಸು ತಲುಪಿದರೂ ತಾಯಿಯ ಹಾಸಿಗೆಯ ಪಕ್ಕದಲ್ಲೇ ಮಲಗುವವಳು. ತಾಯಿಯಾಗಿ ಆನಿ ಜಿರಾರ್ದೊ. ವಾಲ್ಟರ್ ಎಂಬ ತರುಣ ಅವಳನ್ನು ಬಯಸಿ ಬರುತ್ತಾನೆ. ಅವನು ಪಿಯಾನೊ ನುಡಿಸುವಾಗ ಕ್ಯಾಮೆರಾ ಅವನನ್ನು ಬಿಟ್ಟು ಎರಿಕಾಳ ಮುಖದ ಮೇಲೆ ನಿಲ್ಲುತ್ತದೆ. ಆ ಮುಖದಲ್ಲಿ ಒಂದು ಸ್ನಾಯು ಅಲುಗಾಡಿದಂತೆ ಕಾಣದು, ಆದರೆ ಸಂಗೀತ ಅವಳೊಳಗೆ ಇಳಿಯುವುದು, ಅವಳು ಅದನ್ನು ತಡೆಯುವುದು, ತಡೆಯಲಾರದೆ ಹೋಗುವುದು ಎಲ್ಲ ನಮಗೆ ತಿಳಿಯುತ್ತದೆ. ಹೇಗೆ ಎಂದು ಬಿಡಿಸಿ ಹೇಳಲು ನನ್ನಿಂದ ಆಗಿಲ್ಲ. ಯುಪ್ಪೇರ್ ಎಳವೆಯಲ್ಲಿ ಪಿಯಾನೊ ಕಲಿತವರು, ಕೈಗಳ ಚಲನೆಯಲ್ಲಿ ಆ ವಿದ್ಯೆ ಕಾಣುತ್ತದೆ.

ಭಯದಿಂದ ನಡುಗುತ್ತಿದ್ದ ಶಿಷ್ಯೆಯೊಬ್ಬಳಿಗೆ ವಾಲ್ಟರ್ ಸಮಾಧಾನ ಹೇಳಿದ್ದನ್ನು ಕಂಡು, ಎರಿಕಾ ಆ ಹುಡುಗಿಯ ಕೋಟಿನ ಜೇಬಿಗೆ ಗಾಜಿನ ಚೂರು ತುಂಬುತ್ತಾಳೆ. ಪಿಯಾನೊ ನುಡಿಸಬೇಕಾದ ಬೆರಳುಗಳು! ಇದಕ್ಕಿಂತ ಹೇಯವಾದ ಕೆಲಸ ಇನ್ನೊಂದಿಲ್ಲ. ಯುಪ್ಪೇರ್ ಅದನ್ನು ಮೆಲ್ಲಗೆ, ಅಚ್ಚುಕಟ್ಟಾಗಿ ಮಾಡುತ್ತಾರೆ, ಕ್ಷಮೆ ಬೇಡುವ ಒಂದು ರೇಖೆಯೂ ಮುಖದಲ್ಲಿಲ್ಲ. ಆದರೂ ಕೊನೆಯಲ್ಲಿ, ಸಭಾಂಗಣದ ಮೊಗಸಾಲೆಯಲ್ಲಿ ಅಡುಗೆ ಚಾಕುವನ್ನು ತನ್ನ ಹೆಗಲ ಬಳಿ ತಾನೇ ಇರಿದುಕೊಳ್ಳುವಾಗ ಅರೆಕ್ಷಣ ಅವಳ ಮುಖ ವಿಕಾರವಾಗುತ್ತದಲ್ಲ, ಅಲ್ಲಿ ನಮ್ಮ ಉಸಿರು ನಿಲ್ಲುತ್ತದೆ. ಮರುಕ್ಷಣ ಮುಖ ಮತ್ತೆ ಮುಚ್ಚಿಕೊಳ್ಳುತ್ತದೆ, ಅವಳು ಬೀದಿಗೆ ನಡೆದು ಹೋಗುತ್ತಾಳೆ. ಕನಿಕರ ಬೇಡದೆಯೇ ಆ ನಟಿ ನಮ್ಮನ್ನು ಎಲ್ಲಿಯವರೆಗೆ ಕರೆದುಕೊಂಡು ಹೋದರು ನೋಡಿ. ಇದು ಅವರಿಗೆ ಕಾನ್‌ನಲ್ಲಿ ಎರಡನೆಯ ಪ್ರಶಸ್ತಿ ತಂದುಕೊಟ್ಟಿತು.

2016ರಲ್ಲಿ ಎರಡು ಚಿತ್ರಗಳು ಬಂದವು. ಪೌಲ್ ವರ್ಹೂವನ್ ಅವರ ‘ಎಲ್’ ಜಗತ್ತಿನ ಗಮನ ಸೆಳೆಯಿತು, ಯುಪ್ಪೇರ್ ಆಸ್ಕರ್‌ಗೆ ಮೊದಲ ಸಲ ನಾಮನಿರ್ದೇಶನಗೊಂಡರು. ಮನೆಯೊಳಗೇ ಅತ್ಯಾಚಾರಕ್ಕೆ ಒಳಗಾದ ಹೆಂಗಸು ಒಡೆದ ಪಿಂಗಾಣಿ ಗುಡಿಸಿ, ಸ್ನಾನ ಮಾಡಿ, ಊಟ ತರಿಸುತ್ತಾಳೆ ಎಂಬಲ್ಲಿಂದ ಶುರುವಾಗುವ ಚಿತ್ರ. ನಟನೆ ಅಸಾಮಾನ್ಯ. ಆದರೆ ಚಿತ್ರ ಪ್ರೇಕ್ಷಕರನ್ನು ಬೆಚ್ಚಿಬೀಳಿಸುವ ಉಮೇದಿನಲ್ಲಿ ತನ್ನ ನಾಯಕಿಯನ್ನು ಅಲ್ಲಲ್ಲಿ ಕೈಬಿಡುತ್ತದೆ. ಅದೇ ವರ್ಷದ ‘ಲಾವನೀರ್’, ಇಂಗ್ಲಿಷಿನಲ್ಲಿ ‘ಥಿಂಗ್ಸ್ ಟು ಕಮ್’, ಅದಕ್ಕಿಂತ ದೊಡ್ಡ ಚಿತ್ರ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿರ್ದೇಶಕಿ ಮಿಯಾ ಹಾನ್ಸೆನ್-ಲವ್ ಅವರ ತಾಯಿ ತತ್ವಶಾಸ್ತ್ರದ ಅಧ್ಯಾಪಕಿ. ಚಿತ್ರದ ನತಾಲಿ ಕೂಡ ಹಾಗೆಯೇ, ಪ್ಯಾರಿಸ್ಸಿನ ಪ್ರೌಢಶಾಲೆಯಲ್ಲಿ ತತ್ವಶಾಸ್ತ್ರ ಕಲಿಸುವವಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡ, ಇನ್ನೊಬ್ಬಳು ಸಿಕ್ಕಿದ್ದಾಳೆ, ಹೋಗುತ್ತೇನೆ ಎನ್ನುತ್ತಾನೆ. ತಾಯಿ ತೀರಿಕೊಳ್ಳುತ್ತಾಳೆ. ಪ್ರಕಾಶಕರು ಅವಳ ಪಠ್ಯಪುಸ್ತಕ ಹಳತಾಯಿತು ಎನ್ನುತ್ತಾರೆ. ಉಳಿದದ್ದು ತಾಯಿ ಸಾಕಿದ್ದ ಪಂಡೋರಾ ಎಂಬ ಕರಿ ಬೆಕ್ಕು, ಅದರಿಂದ ಇವಳಿಗೆ ಅಲರ್ಜಿ. ಗಂಡ ಇಟ್ಟುಹೋದ ಹೂಗುಚ್ಛವನ್ನು ಚೀಲಕ್ಕೆ ತುರುಕಿ ಕಸದ ತೊಟ್ಟಿಗೆ ಎಸೆದು ಬರುತ್ತಾಳೆ, ನಾಲ್ಕು ಹೆಜ್ಜೆ ಹೋದವಳು ವಾಪಸು ಬಂದು ಚೀಲ ಮಾತ್ರ ಎತ್ತಿಕೊಳ್ಳುತ್ತಾಳೆ. ಚೀಲ ಚೆನ್ನಾಗಿತ್ತಲ್ಲ! ಬಸ್ಸಿನಲ್ಲಿ ಅಳುತ್ತ ಕುಳಿತಿರುವಾಗ ಕಿಟಕಿಯಾಚೆ ಗಂಡ ಹೊಸ ಗೆಳತಿಯ ಜೊತೆ ಹೋಗುವುದು ಕಾಣುತ್ತದೆ. ಇವಳಿಗೆ ನಗು ಉಕ್ಕಿಬರುತ್ತದೆ. ಅಳು ನಗುವಾಗುವ ಆ ಕ್ಷಣದಲ್ಲಿ ನಟನೆಯ ಹೊಲಿಗೆ ಎಲ್ಲಿಯೂ ಕಾಣುವುದಿಲ್ಲ.

ಇಡೀ ಚಿತ್ರದಲ್ಲಿ ನತಾಲಿ ನಡೆಯುತ್ತಲೇ ಇರುತ್ತಾಳೆ: ಉದ್ಯಾನದಲ್ಲಿ, ಕಡಲ ಕೆಸರಿನಲ್ಲಿ, ವೆರ್ಕೋರ್ ಬೆಟ್ಟದ ಹುಲ್ಲುಗಾವಲಿನಲ್ಲಿ. ಸಣ್ಣ ಮೈಕಟ್ಟಿನ ಯುಪ್ಪೇರ್ ಅವರ ಆ ಚುರುಕು, ತುಸು ಅವಸರದ ನಡಿಗೆಯೇ ಅವಳ ತತ್ವಶಾಸ್ತ್ರ. ನಟಿಯನ್ನು ಮುಖದಿಂದ ಅಳೆಯುವ ನಮ್ಮ ರೂಢಿ ಈ ಚಿತ್ರದ ಮುಂದೆ ಸಾಲದು. ನಡುವಯಸ್ಸು ದಾಟಿದ ಹೆಂಗಸು ಒಂಟಿಯಾದಾಗ ಅವಳನ್ನು ಮತ್ತೊಂದು ಪ್ರೇಮಕ್ಕೆ ತಳ್ಳುವುದು ಅಥವಾ ಕೊರಗಿಸಿ ಸಾಯಿಸುವುದು, ಸಿನಿಮಾಕ್ಕೆ ಗೊತ್ತಿದ್ದದ್ದು ಈ ಎರಡೇ ದಾರಿ. ಇಲ್ಲಿ ಅವಳು ಪುಸ್ತಕ ಓದುತ್ತಾಳೆ, ಪಾಠ ಮಾಡುತ್ತಾಳೆ, ಮೊಮ್ಮಗುವನ್ನು ಎತ್ತಿಕೊಳ್ಳುತ್ತಾಳೆ. ನಮ್ಮ ನಡುವೆಯೇ ಇರುವ ಎಷ್ಟೋ ನಿವೃತ್ತ ಮೇಷ್ಟ್ರುಗಳ, ಟೀಚರಮ್ಮಂದಿರ ಬದುಕಿನ ಘನತೆ ಇದರಲ್ಲಿದೆ.

ಬಿಟ್ಟುಹೋದವು ಬಹಳ. ಮೈಕಲ್ ಚಿಮಿನೊ ಅವರ ‘ಹೆವನ್ಸ್ ಗೇಟ್’ ಹಾಲಿವುಡ್ಡಿನಲ್ಲಿ ನೆಲಕಚ್ಚಿತು, ಅದರೊಳಗೂ ಯುಪ್ಪೇರ್ ಮಿನುಗುತ್ತಾರೆ. ಮೊರೀಸ್ ಪಿಯಾಲಾ ಅವರ ‘ಲೂಲೂ’, ನಿರ್ದೇಶಕ ಗೊದಾರ್ ಜೊತೆಗಿನ ಎರಡು ಚಿತ್ರ ನೋಡಲೇಬೇಕಾದವು. ಕ್ಲೇರ್ ದೆನಿ ಅವರ ‘ವೈಟ್ ಮೆಟೀರಿಯಲ್’ನಲ್ಲಿ ಹೆಸರಿಲ್ಲದ ಆಫ್ರಿಕನ್ ದೇಶವೊಂದರ ಅಂತರ್ಯುದ್ಧದ ನಡುವೆ, ಕಾಫಿ ಕೊಯ್ಲು ಮುಗಿಯುವವರೆಗೆ ಕದಲೆನು ಎಂದು ಹಟ ಹಿಡಿದ ಬಿಳಿಯ ತೋಟಗಾತಿ ಅವರು. ಕಾಫಿ ತೋಟದ ಸೀಮೆಯವರು ನೋಡಿದರೆ ಆ ಹಟದ ಒಳಸುಳಿ ಬೇಗ ತಿಳಿದೀತು. ಕೊರಿಯಾದ ಹಾಂಗ್ ಸಾಂಗ್-ಸೂ ಅವರ ಪುಟ್ಟ ಚಿತ್ರಗಳಲ್ಲಿ ಕೊಡೆ ಹಿಡಿದು ಅಡ್ಡಾಡುವ ಯುಪ್ಪೇರ್ ಹಗುರ, ತಮಾಷೆಯ ಹೆಂಗಸು. ಹಾನೆಕೆಯ ‘ಅಮೂರ್’ನಲ್ಲಿ ಸಿಕ್ಕಿದ್ದು ಸಣ್ಣ ಪಾತ್ರ. ಸಾಯುತ್ತಿರುವ ತಾಯಿಯ ಮುಂದೆ ಏನು ಮಾಡಬೇಕೆಂದು ತೋಚದ ಮಗಳು. ಅಷ್ಟು ದೊಡ್ಡ ತಾರೆ ಎಮ್ಯಾನ್ಯುಯೆಲ್ ರಿವಾ ಮತ್ತು ಜಾನ್-ಲೂಯಿ ತ್ರಾಂತಿಂಞಾ ಎಂಬ ಇಬ್ಬರು ಹಿರಿಯರಿಗೆ ಜಾಗ ಬಿಟ್ಟು ಬದಿಯಲ್ಲಿ ನಿಂತದ್ದನ್ನು ನೋಡಿ ಕಲಿಯಬೇಕಾದವರು ಬಹಳ ಮಂದಿ ಇದ್ದಾರೆ.

ಕೊನೆಯದಾಗಿ ಒಂದು ಕೋರಿಕೆ. ಈ ಊರಿನ ಚಿತ್ರಸಮಾಜದ ಗೆಳೆಯರು ಇಲ್ಲಿದ್ದೀರಿ. ಮೂರು ಸಂಜೆ ಬಿಡುವು ಮಾಡಿಕೊಂಡು ‘ಲಾ ದಾಂತೆಲಿಯೇರ್’, ‘ಯೂನ್ ಅಫೇರ್ ದ ಫಾಮ್’, ‘ಲಾವನೀರ್’ ಈ ಮೂರನ್ನು ಇದೇ ಕ್ರಮದಲ್ಲಿ ತೋರಿಸಿ. ‘ಲಾ ಪಿಯಾನಿಸ್ತ್’ ಅನ್ನು ಮುನ್ನೆಚ್ಚರಿಕೆ ಹೇಳಿ ವಯಸ್ಕರಿಗೆ ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ. ಸಬ್‌ಟೈಟಲ್ ಓದಲು ಬಾರದವರಿಗೂ ಬನ್ನಿ ಎಂದು ಹೇಳಿ, ಚಿತ್ರ ಶುರುವಾಗುವ ಮುಂಚೆ ಹತ್ತು ನಿಮಿಷ ಕನ್ನಡದಲ್ಲಿ ಕಥೆ ವಿವರಿಸಿದರೆ ಸಾಕು, ಉಳಿದದ್ದನ್ನು ಆ ನಟಿ ನೋಡಿಕೊಳ್ಳುತ್ತಾರೆ. ಕಥೆ ವಿವರಿಸುವ ಕೆಲಸವನ್ನು ನನಗೆ ಕೊಟ್ಟರೆ ಸಂತೋಷದಿಂದ ಬಂದು ಮಾಡುತ್ತೇನೆ.